ದಿನಸಿ ಲೆಕ್ಕ: ರೂಪಾಯಿಯ ಪಕ್ಕದಲ್ಲಿ ಕಿಲೋವನ್ನೂ ಬರೆಯುವ ಕ್ರಮ

ಮದುವೆಯಾಗಿ ಬಂದ ಮೊದಲ ಮೂರು ವರ್ಷ ನಾನು ಮನೆಯ ದಿನಸಿ ಲೆಕ್ಕವನ್ನು ಹೆಚ್ಚುಕಡಿಮೆ ಒಂದು ದಿನವೂ ತಪ್ಪಿಸದೆ ಬರೆದಿದ್ದೇನೆ. ‘ಅಂಗಡಿ 1,840’, ‘ತರಕಾರಿ 260’, ‘ಹಣ್ಣು 180’ ಎಂದು ಸಾಲು ಸಾಲು. ತಿಂಗಳ ಕೊನೆಗೆ ಕೂಡಿಸಿದಾಗ ಮೊತ್ತ ಹೆಚ್ಚಾಗಿದ್ದರೆ ಬೇಸರ, ಕಡಿಮೆಯಾಗಿದ್ದರೆ ಸಮಾಧಾನ. ಅದರಾಚೆಗೆ ಆ ಪುಸ್ತಕದಿಂದ ಏನೂ ತಿಳಿಯುತ್ತಿರಲಿಲ್ಲ. ಒಮ್ಮೆ ಬೇಳೆಯ ಖರ್ಚು ಹೆಚ್ಚಾಗಿದೆ ಎಂದು ನಾನು ಗೊಣಗುತ್ತಿದ್ದಾಗ ನಮ್ಮ ಅತ್ತೆ, “ಎಷ್ಟು ತಂದೆ, ಎಷ್ಟು ದಿನ ಬಂತು, ಅದನ್ನ ಬರ್ದಿದ್ದೀಯೇನಮ್ಮ?” ಎಂದು ಕೇಳಿದರು. ಬರೆದಿರಲಿಲ್ಲ. ಬೇಳೆಯ ಬೆಲೆ ಏರಿತ್ತೋ, ನಾವು ಹೆಚ್ಚು ಬೇಯಿಸಿದ್ದೆವೋ, ಇಲ್ಲವೇ ಎರಡು ಕಿಲೋ ಇನ್ನೂ ಡಬ್ಬಿಯಲ್ಲೇ ಉಳಿದಿತ್ತೋ ಎಂಬುದನ್ನು ಹೇಳಲು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ.

ಖರ್ಚು ಎನ್ನುವುದು ದರ ಮತ್ತು ಪ್ರಮಾಣ ಎರಡರ ಗುಣಲಬ್ಧ. ದರ ಮಾರುಕಟ್ಟೆಯ ಕೈಯಲ್ಲಿದೆ, ಪ್ರಮಾಣ ನಮ್ಮ ಕೈಯಲ್ಲಿದೆ. ಬರೀ ರೂಪಾಯಿ ಬರೆದರೆ ಇವೆರಡೂ ಕಲಸಿಹೋಗುತ್ತವೆ. ಕುಟುಂಬಗಳ ಬಳಕೆ ವೆಚ್ಚವನ್ನು ಅಳೆಯುವ ಕೇಂದ್ರ ಸರ್ಕಾರದ ಸಮೀಕ್ಷೆಯೂ ಆಹಾರ ಪದಾರ್ಥಗಳ ವಿಷಯದಲ್ಲಿ ಮೌಲ್ಯದ ಜೊತೆಗೆ ಪ್ರಮಾಣವನ್ನು ಕೇಳಿ ಬರೆದುಕೊಳ್ಳುತ್ತದೆ. ಅದೇ ಸಮೀಕ್ಷೆಯ 2023-24ರ ಫಲಿತಾಂಶದಂತೆ ದೇಶದ ನಗರವಾಸಿ ಕುಟುಂಬಗಳ ಒಟ್ಟು ಬಳಕೆ ವೆಚ್ಚದಲ್ಲಿ ಶೇ. 39.68, ಗ್ರಾಮೀಣ ಕುಟುಂಬಗಳಲ್ಲಿ ಶೇ. 47.04 ಆಹಾರಕ್ಕೆ ಹೋಗುತ್ತದೆ. ನೂರರಲ್ಲಿ ನಲವತ್ತು ರೂಪಾಯಿಯನ್ನು ನುಂಗುವ ಬಾಬತ್ತಿಗೆ ತಿಂಗಳಲ್ಲಿ ಎರಡು ಗಂಟೆ ಕೊಡುವುದು ಹೆಚ್ಚೇನಲ್ಲ. ನಮ್ಮದು ಬೆಂಗಳೂರಿನಲ್ಲಿರುವ ನಾಲ್ವರ ಮನೆ. ಮುಂದಿನ ಉದಾಹರಣೆಗಳಲ್ಲಿ ಬರುವ ಅಂಗಡಿ ದರಗಳನ್ನು ಲೆಕ್ಕದ ಕ್ರಮ ತಿಳಿಯಲೆಂದು ಕೊಟ್ಟಿದ್ದೇನೆ, ನಿಮ್ಮ ಊರಿನ ದರವನ್ನು ನೀವು ತುಂಬಿಕೊಳ್ಳಬೇಕು.

ಹಂತ 1: ದಿನಸಿ ಎಂದರೆ ಯಾವುದು ಎಂದು ಗಡಿ ಹಾಕಿಕೊಳ್ಳಿ

ಅಂಗಡಿಯ ಒಂದೇ ಬಿಲ್ಲಿನಲ್ಲಿ ಅಕ್ಕಿಯೂ ಇರುತ್ತದೆ, ಸೋಪಿನ ಪುಡಿಯೂ ಇರುತ್ತದೆ, ಮಗನ ಜಾಮಿಟ್ರಿ ಬಾಕ್ಸೂ ಇರುತ್ತದೆ. ಎಲ್ಲವನ್ನೂ ‘ದಿನಸಿ’ ಎಂದು ಬರೆದುಬಿಟ್ಟರೆ ಒಂದು ತಿಂಗಳು ಸೋಪು ಹೆಚ್ಚು ತಂದದ್ದು ಅಡುಗೆಯ ಖರ್ಚು ಹೆಚ್ಚಾದಂತೆ ಕಾಣುತ್ತದೆ. ನಮ್ಮ ಮನೆಯ ಗಡಿ ಸರಳ: ಒಲೆಯ ಮೇಲೆ ಬೇಯುವುದು ಅಥವಾ ಮನೆಯೊಳಗೆ ಬಾಯಿಗೆ ಹೋಗುವುದು ದಿನಸಿ. ಸೋಪು, ಫಿನಾಯಿಲ್, ಪಾತ್ರೆ ತಿಕ್ಕುವ ಬಾರು ಬೇರೆ ತಲೆಬರಹಕ್ಕೆ. ಹೋಟೆಲಿನಿಂದ ತರಿಸಿದ ಊಟ ದಿನಸಿಯಲ್ಲ, ಆದರೆ ಅದೇ ಪುಸ್ತಕದಲ್ಲಿ ಬೇರೆ ಪುಟದಲ್ಲಿ ಇರಲೇಬೇಕು. ಇಲ್ಲವಾದರೆ ಹದಿನೈದು ದಿನ ಹೊರಗೆ ತಿಂದು ‘ಈ ತಿಂಗಳು ದಿನಸಿ ಎಷ್ಟು ಉಳಿಯಿತು ನೋಡಿ’ ಎಂದು ಹಿಗ್ಗುವಂತಾಗುತ್ತದೆ. ಗ್ಯಾಸ್ ಸಿಲಿಂಡರನ್ನು ಎಲ್ಲಿ ಸೇರಿಸಿದರೂ ತೊಂದರೆಯಿಲ್ಲ, ಪ್ರತಿ ಸಲವೂ ಅಲ್ಲೇ ಸೇರಿಸಿದರೆ ಸಾಕು.

ದುಡ್ಡು ಕೊಡದೆ ಬಂದದ್ದನ್ನು ಬಹಳ ಮಂದಿ ಬರೆಯುವುದಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಬಂದ ಅಕ್ಕಿ, ಊರಿನಿಂದ ಬಸ್ಸಿಗೆ ಹಾಕಿ ಕಳಿಸಿದ ತೆಂಗಿನಕಾಯಿ, ತವರಿನಿಂದ ತಂದ ಹುಣಸೆಹಣ್ಣು, ಹಿತ್ತಲಿನ ಕರಿಬೇವು, ನುಗ್ಗೆಕಾಯಿ ಇವೆಲ್ಲ ಮನೆಯ ಬಳಕೆಯೇ. ಪ್ರಮಾಣ ಬರೆದು ಮೊತ್ತದ ಜಾಗದಲ್ಲಿ ಸೊನ್ನೆ ಹಾಕಿ. ಊರಿನಿಂದ ಕಾಯಿ ಬರುವುದು ನಿಂತ ತಿಂಗಳು ಖರ್ಚು ಏಕೆ ಜಿಗಿಯಿತು ಎಂಬುದು ಆ ಸೊನ್ನೆಯ ಸಾಲಿನಿಂದಲೇ ತಿಳಿಯುತ್ತದೆ.

ಹಂತ 2: ಪುಸ್ತಕಕ್ಕೆ ಗೆರೆ ಎಳೆಯಿರಿ

ಮೊಬೈಲ್ ಆ್ಯಪೋ, ಕಂಪ್ಯೂಟರಿನ ಎಕ್ಸೆಲ್ ಹಾಳೆಯೋ, ಇನ್ನೂರು ಪುಟದ ಲಾಂಗ್ ಬುಕ್ಕೋ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ಎಣ್ಣೆಗೈಯಲ್ಲಿ ಬರೆಯಲು ಯಾವುದು ಅನುಕೂಲವೋ ಅದು ಸರಿ. ನಾನು ಲಾಂಗ್ ಬುಕ್ಕನ್ನು ಮೈಕ್ರೊವೇವಿನ ಮೇಲೆ, ಪೆನ್ನಿಗೆ ದಾರ ಕಟ್ಟಿ ಇಟ್ಟಿದ್ದೇನೆ. ದಾರ ಇಲ್ಲದ ಪೆನ್ನು ನಮ್ಮ ಮನೆಯಲ್ಲಿ ಎರಡು ದಿನವೂ ಅಲ್ಲಿರುವುದಿಲ್ಲ.

ಆರು ಕಾಲಂ ಸಾಕು: ದಿನಾಂಕ, ಪದಾರ್ಥ, ಪ್ರಮಾಣ, ಕೊಟ್ಟ ಮೊತ್ತ, ಕಿಲೋ ಅಥವಾ ಲೀಟರಿನ ದರ, ಎಲ್ಲಿ ಕೊಂಡದ್ದು. ಐದನೆಯ ಕಾಲಮ್ಮನ್ನು ಆಗಲೇ ತುಂಬುವ ಅಗತ್ಯವಿಲ್ಲ, ಭಾನುವಾರ ಕುಳಿತು ಭಾಗಿಸಿದರೆ ಆಯಿತು. ಮೂರನೆಯ ಕಾಲಂ ಮಾತ್ರ ಖಾಲಿ ಬಿಡಬಾರದು. ಸೊಪ್ಪನ್ನು ಕಟ್ಟಿನ ಲೆಕ್ಕದಲ್ಲಿ, ಬಾಳೆಹಣ್ಣನ್ನು ಕಿಲೋದಲ್ಲಿ, ತೆಂಗಿನಕಾಯಿ, ನಿಂಬೆಹಣ್ಣನ್ನು ಎಣಿಕೆಯಲ್ಲಿ ಬರೆಯಿರಿ. ಯಾವುದಕ್ಕೆ ಯಾವ ಅಳತೆಯೆಂದು ಒಮ್ಮೆ ನಿಶ್ಚಯಿಸಿದ ಮೇಲೆ ಬದಲಿಸಬೇಡಿ.

ಬರೆಯುವವರು ಒಬ್ಬರೇ ಇರಬೇಕು, ತರುವವರು ಎಷ್ಟು ಜನರಾದರೂ ಇರಬಹುದು. ಬಿಲ್ಲು ಸಿಗುವಲ್ಲಿ ಬಿಲ್ಲು, ಗಾಡಿಯವರ ಬಳಿ ಕೊಂಡರೆ ಹಿಂದಿನ ಹಾಳೆಯ ಚೂರಿನಲ್ಲಿ ಗೀಚಿದ ಚೀಟಿ, ಎರಡೂ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ಚುಚ್ಚಬೇಕೆಂಬುದು ನಮ್ಮ ಮನೆಯ ಕಟ್ಟುಪಾಡು. ಸೂಪರ್ ಮಾರ್ಕೆಟ್ಟಿನ ಬಿಲ್ಲುಗಳು ಶಾಖದಿಂದ ಅಚ್ಚಾಗುವ ಕಾಗದದ ಮೇಲೆ ಬರುವುದರಿಂದ ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿಹೋಗುತ್ತದೆ. ಅವನ್ನು ಕಾಪಿಡುವುದಕ್ಕಿಂತ ವಾರದೊಳಗೆ ಪುಸ್ತಕಕ್ಕೆ ಇಳಿಸುವುದು ಮೇಲು. ಯುಪಿಐಯಲ್ಲಿ ಎಲ್ಲವೂ ದಾಖಲಾಗಿರುತ್ತದೆ ಎಂದು ನಂಬಿ ಕೂರಬೇಡಿ. ಯಾರಿಗೆ ಎಷ್ಟು ಹೋಯಿತು ಎಂದು ಅದು ತೋರಿಸುತ್ತದೆಯೇ ಹೊರತು ಆ ಎಂಬತ್ತು ರೂಪಾಯಿಗೆ ಬೀನ್ಸ್ ಬಂತೋ ಬಿಸ್ಕತ್ತು ಬಂತೋ ಎಂದು ಹೇಳುವುದಿಲ್ಲ. ಹಣ ಕಳಿಸುವಾಗ ಟಿಪ್ಪಣಿಯ ಜಾಗದಲ್ಲಿ ‘ಬೀನ್ಸ್ ಅರ್ಧ’ ಎಂದು ಎರಡು ಪದ ಬರೆಯುವ ಅಭ್ಯಾಸವಾದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಬೀದಿಯ ಕಿರಾಣಿ ಅಂಗಡಿಯಲ್ಲಿ ಬರೆಸಿ ತಂದು ತಿಂಗಳ ಮೊದಲ ವಾರ ಚುಕ್ತಾ ಮಾಡುವ ರೂಢಿ ಇರುವವರು, ದುಡ್ಡು ಕೊಟ್ಟ ದಿನ ಬರೆಯದೆ ಸಾಮಾನು ಮನೆಗೆ ಬಂದ ದಿನವೇ ಬರೆಯಬೇಕು. ಇಲ್ಲವಾದರೆ ಮೇ ತಿಂಗಳಲ್ಲಿ ತಿಂದದ್ದು ಜೂನ್ ತಿಂಗಳ ಖರ್ಚಾಗಿ ಕುಳಿತು, ಎರಡೂ ತಿಂಗಳ ಲೆಕ್ಕ ಕೆಡುತ್ತದೆ.

ಹಂತ 3: ಮೊದಲ ತಿಂಗಳು ಉಳಿತಾಯದ ಮಾತೆತ್ತಬೇಡಿ

ಲೆಕ್ಕ ಬರೆಯಲು ಶುರು ಮಾಡಿದ ದಿನವೇ ಕೈ ಬಿಗಿ ಹಿಡಿದರೆ ಪುಸ್ತಕದಲ್ಲಿ ಮೂಡುವುದು ನಿಮ್ಮ ಮನೆಯ ನಿಜವಾದ ಬಳಕೆಯಲ್ಲ, ಉತ್ಸಾಹದ ತಿಂಗಳ ಬಳಕೆ. ಅದರ ಮೇಲೆ ಕಟ್ಟಿದ ಬಜೆಟ್ಟು ಮೂರನೆಯ ತಿಂಗಳು ನಿಲ್ಲುವುದಿಲ್ಲ. ಒಂದು ತಿಂಗಳು, ಸಾಧ್ಯವಾದರೆ ಎರಡು ತಿಂಗಳು, ಎಂದಿನಂತೆ ತನ್ನಿ, ಎಂದಿನಂತೆ ಬೇಯಿಸಿ, ಬರೆಯುವುದೊಂದನ್ನು ಮಾತ್ರ ಹೊಸದಾಗಿ ಮಾಡಿ.

ತರಕಾರಿ, ಹಣ್ಣು, ಕುರುಕಲು, ಮೀನು, ಮಾಂಸ ಇವನ್ನು ಅಂದಂದೇ ಬರೆಯಬೇಕು. ಅಕ್ಕಿ, ಬೇಳೆ, ಸಕ್ಕರೆ ಎಷ್ಟು ತಂದೆವೆಂದು ತಿಂಗಳಾದರೂ ನೆನಪಿರುತ್ತದೆ; ಹತ್ತು ದಿನದ ಹಿಂದೆ ತಂದ ಹೀರೇಕಾಯಿ ಯಾರಿಗೂ ನೆನಪಿರುವುದಿಲ್ಲ. ಸರ್ಕಾರದ ಸಮೀಕ್ಷೆಯವರೂ ಅಕ್ಕಿ ಬೇಳೆಯ ಬಗ್ಗೆ ಕಳೆದ 30 ದಿನದ ಲೆಕ್ಕ ಕೇಳಿದರೆ, ತರಕಾರಿ, ಹಣ್ಣು, ಮೊಟ್ಟೆ, ಸಿದ್ಧ ತಿನಿಸುಗಳ ಬಗ್ಗೆ ಕಳೆದ 7 ದಿನದ್ದನ್ನು ಮಾತ್ರ ಕೇಳುತ್ತಾರೆ.

ಹಂತ 4: ಮನೆಯ ಪಾವನ್ನು ಒಮ್ಮೆ ತೂಗಿ ನೋಡಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತವನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ ಎಂದು ಹೇಳುತ್ತೇನೆ. ಅಂಗಡಿಯವರು ಕಿಲೋದಲ್ಲಿ ಮಾರುತ್ತಾರೆ, ನಾವು ಪಾವಿನಲ್ಲಿ, ಲೋಟದಲ್ಲಿ, ಹಿಡಿಯಲ್ಲಿ, ಸೌಟಿನಲ್ಲಿ ಅಡುಗೆ ಮಾಡುತ್ತೇವೆ. ಇವೆರಡರ ನಡುವೆ ಸೇತುವೆ ಇಲ್ಲದಿದ್ದರೆ ‘ತಿಂಗಳಿಗೆ ಎಷ್ಟು ಬೇಕು’ ಎಂಬ ಪ್ರಶ್ನೆಗೆ ಉತ್ತರ ಅಂದಾಜಿನದೇ ಆಗಿರುತ್ತದೆ.

ಅತ್ತೆ ಬಳಸುವ ಹಿತ್ತಾಳೆಯ ಪಾವು ಅವರ ಅಮ್ಮನ ಮನೆಯಿಂದ ಬಂದದ್ದು. ಅಂಚು ಒಂದು ಕಡೆ ನೆಗ್ಗಿದೆ. ಅಡುಗೆಮನೆಯ ಸಣ್ಣ ತಕ್ಕಡಿಯ ಮೇಲೆ ಬಟ್ಟಲಿಟ್ಟು, ಸೊನ್ನೆಗೆ ತಂದು, ಅವರು ದಿನವೂ ಅಳೆಯುವಂತೆಯೇ ಅಂಗೈಯಿಂದ ಮೇಲ್ಭಾಗವನ್ನು ಸವರಿ ಒಂದು ಪಾವು ಸೋನಾ ಮಸೂರಿ ಸುರಿದರೆ 210 ಗ್ರಾಂ ತೋರಿಸಿತು. ಎರಡು ಹೊತ್ತಿಗೆ ಸೇರಿ ನಾವು ಹಾಕುವುದು ಮೂರು ಪಾವು, ಎಂದರೆ ದಿನಕ್ಕೆ 630 ಗ್ರಾಂ, 30 ದಿನಕ್ಕೆ 18.9 ಕಿಲೋ. ಇಷ್ಟು ತಿಳಿದ ಮೇಲೆ 26 ಕಿಲೋದ ಒಂದು ಮೂಟೆ ನಮಗೆ 41 ದಿನ ಬರುತ್ತದೆಂದು ಕಣ್ಣು ಮುಚ್ಚಿ ಹೇಳಬಹುದು.

ಈ ಲೆಕ್ಕ ಗೊತ್ತಿಲ್ಲದ ಕಾಲದಲ್ಲಿ, ಎರಡು ಮೂಟೆ ಒಟ್ಟಿಗೆ ತೆಗೆದುಕೊಂಡರೆ ಇನ್ನೂರು ರೂಪಾಯಿ ಕಡಿಮೆ ಎಂದು ಜೂನ್ ತಿಂಗಳಲ್ಲಿ ಎರಡನ್ನೂ ಹೊರಿಸಿಕೊಂಡು ಬಂದಿದ್ದೆ. ಎರಡನೆಯ ಮೂಟೆಯ ತಳ ಮುಟ್ಟುವುದಕ್ಕೆ 82 ದಿನ ಬೇಕೆಂದು ಯಾರು ಯೋಚಿಸಿದ್ದರು? ಆಗಸ್ಟಿನ ಥಂಡಿಯಲ್ಲಿ ನುಸಿ ಬಿದ್ದು, ಬಿಸಿಲು ಬಂದ ದಿನವೆಲ್ಲ ಮಹಡಿಯ ಮೇಲೆ ಸೀರೆ ಹಾಸಿ ಅಕ್ಕಿ ಹರಡುವುದೇ ಕೆಲಸವಾಯಿತು. ಸಗಟು ಕೊಳ್ಳುವುದು ಲಾಭವೋ ಅಲ್ಲವೋ ಎಂಬುದನ್ನು ದರಕ್ಕಿಂತ ಮೊದಲು ಅದು ಮುಗಿಯಲು ಬೇಕಾದ ದಿನಗಳು ಹೇಳುತ್ತವೆ.

ಅಕ್ಕಿಯ ನಂತರ ತೊಗರಿಬೇಳೆ, ರವೆ, ಸಕ್ಕರೆ, ಕಾಫಿಪುಡಿ ಇವುಗಳ ಅಳತೆಯನ್ನೂ ತೂಗಿ ಪುಸ್ತಕದ ಒಳರಕ್ಷೆಯಲ್ಲಿ ಬರೆದಿಟ್ಟುಕೊಳ್ಳಿ. ಸಾಸಿವೆ, ಜೀರಿಗೆ, ಮೆಂತ್ಯ, ಇಂಗುಗಳಿಗೆ ಇಷ್ಟು ಶ್ರಮ ಬೇಡ.

ಹಂತ 5: ಡಬ್ಬಿಯ ಲೆಕ್ಕ

ತಂದದ್ದು ಬೇರೆ, ಬಳಸಿದ್ದು ಬೇರೆ. ತಿಂಗಳ ಒಂದನೆಯ ತಾರೀಖು ಬೆಳಿಗ್ಗೆ ಡಬ್ಬಿಗಳನ್ನು ತೆರೆದು ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಹಿಟ್ಟು ಎಷ್ಟಿವೆ ಎಂದು ಬರೆದುಕೊಳ್ಳಬೇಕು. ಆರಂಭದ ಉಳಿಕೆಗೆ ತಂದದ್ದನ್ನು ಕೂಡಿಸಿ ಕೊನೆಯ ಉಳಿಕೆಯನ್ನು ಕಳೆದರೆ ಬಂದದ್ದು ಬಳಕೆ. ಎಣ್ಣೆ ಒಂದೂವರೆ ಲೀಟರ್ ಇತ್ತು, ನಾಲ್ಕು ಲೀಟರ್ ತಂದಿರಿ, ಕೊನೆಗೆ ಎರಡು ಲೀಟರ್ ಉಳಿಯಿತು ಎಂದರೆ ಬಳಸಿದ್ದು ಮೂರೂವರೆ ಲೀಟರ್. ಅಂಗಡಿಗೆ ದುಡ್ಡು ಕೊಟ್ಟದ್ದು ನಾಲ್ಕಕ್ಕಾದರೂ ಮುಂದಿನ ಬಜೆಟ್ಟಿಗೆ ಆಧಾರ ಮೂರೂವರೆಯೇ.

ಪ್ರತಿ ತಿಂಗಳೂ ಎಲ್ಲ ಡಬ್ಬಿ ತೂಗುವಷ್ಟು ವ್ಯವಧಾನ ಇಲ್ಲದವರಿಗೆ ಸುಲಭದ ದಾರಿಯೊಂದಿದೆ. ಪೊಟ್ಟಣ ಒಡೆದು ಡಬ್ಬಿಗೆ ಸುರಿದ ದಿನ ಮುಚ್ಚಳದ ಮೇಲೆ ಬಿಳಿ ಅಂಟುಪಟ್ಟಿ ಹಚ್ಚಿ ತಾರೀಖು ಬರೆಯಿರಿ. ಖಾಲಿಯಾದ ದಿನ ಪಕ್ಕದಲ್ಲಿ ಇನ್ನೊಂದು ತಾರೀಖು. ನಮ್ಮ ಕಾಫಿಪುಡಿ ಡಬ್ಬಿಯ ಪಟ್ಟಿಯಲ್ಲಿ ‘4-6, 21-6’ ಎಂದಿದೆ: ಅರ್ಧ ಕಿಲೋ ಹದಿನೇಳು ದಿನ. ಹಾಗಿದ್ದರೂ ‘ಅರ್ಧ ಕಿಲೋ ತಿಂಗಳಿಗೆ ಸಾಕು’ ಎಂದು ನಮ್ಮ ಯಜಮಾನರು ಈಗಲೂ ವಾದಿಸುತ್ತಾರೆ.

ಎಸೆದದ್ದಕ್ಕೂ ಒಂದು ಸಾಲು ಇರಲಿ. ಕೊಳೆತ ಟೊಮೆಟೊ, ಹಳದಿಯಾದ ಕೊತ್ತಂಬರಿ ಸೊಪ್ಪು, ಹುಳಿ ಬಂದ ದೋಸೆ ಹಿಟ್ಟು, ಹೀಗೆ ಏನು ಎಷ್ಟು ಹೋಯಿತೆಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಗುರುತು ಹಾಕಿ. ಒಂದು ತಿಂಗಳ ಹಾಳೆ ನೋಡಿದ ಮೇಲೆ ನಾವು ಕೊತ್ತಂಬರಿಯನ್ನು ದೊಡ್ಡ ಕಟ್ಟು ತರುವುದನ್ನು ನಿಲ್ಲಿಸಿದೆವು.

ಹಂತ 6: ದರದ ಪುಟ

ಪುಸ್ತಕದ ಕೊನೆಯಿಂದ ನಾಲ್ಕು ಪುಟಗಳನ್ನು ದರಕ್ಕೆಂದೇ ಮೀಸಲಿಡಿ. ಹೆಚ್ಚು ಹಣ ಹೋಗುವ ಇಪ್ಪತ್ತು ಪದಾರ್ಥಗಳನ್ನು ಮಾತ್ರ ಬರೆದು, ತಿಂಗಳಿಗೊಮ್ಮೆ ಕಿಲೋ ಅಥವಾ ಲೀಟರಿನ ದರವನ್ನು ತುಂಬುತ್ತಾ ಹೋಗಿ. ಪೊಟ್ಟಣದ ಬೆಲೆಯನ್ನಲ್ಲ, ಕಿಲೋ ದರವನ್ನೇ ಬರೆಯಬೇಕು ಎನ್ನುವುದಕ್ಕೆ ಕಾರಣವಿದೆ.

ಹಾಲಿನ ಉದಾಹರಣೆ ಎಲ್ಲರಿಗೂ ಪರಿಚಿತ. 2024ರ ಜೂನ್ ತಿಂಗಳಲ್ಲಿ ನಂದಿನಿ ಟೋನ್ಡ್ ಹಾಲಿನ ಅರ್ಧ ಲೀಟರ್ ಪೊಟ್ಟಣದಲ್ಲಿ 50 ಮಿಲಿ ಹೆಚ್ಚಿಸಿ, 550 ಮಿಲಿಗೆ 24 ರೂಪಾಯಿ ಮಾಡಲಾಯಿತು. 2025ರ ಏಪ್ರಿಲ್ 1ರಿಂದ ಆ ಹೆಚ್ಚುವರಿ 50 ಮಿಲಿ ಹೋಗಿ, 500 ಮಿಲಿಗೆ 24 ರೂಪಾಯಿ ಆಯಿತು. ದಿನಕ್ಕೆ ಎರಡು ಅರ್ಧ ಲೀಟರ್ ಪೊಟ್ಟಣ ಹಾಕಿಸಿಕೊಳ್ಳುವ ಮನೆಯ ರೂಪಾಯಿ ಲೆಕ್ಕದಲ್ಲಿ ಏಪ್ರಿಲ್ ತಿಂಗಳು ಮಾರ್ಚಿನಂತೆಯೇ ಕಾಣುತ್ತದೆ: ದಿನಕ್ಕೆ 48. ಲೀಟರಿನ ದರ ಬರೆದವರ ಪುಟದಲ್ಲಿ ಮಾತ್ರ 43.64 ಇದ್ದದ್ದು 48 ಆಗಿರುತ್ತದೆ, ತಿಂಗಳಿಗೆ ಮೂರು ಲೀಟರ್ ಹಾಲು ಕಡಿಮೆ ಬಂದದ್ದು ತಿಳಿಯುತ್ತದೆ, ಮೊಸರು ಏಕೆ ಸಾಲುತ್ತಿಲ್ಲ ಎಂಬುದೂ ಅರ್ಥವಾಗುತ್ತದೆ.

ಅಕ್ಕಿಯ ಮೂಟೆಯೂ ಹೀಗೆಯೇ. ಪೊಟ್ಟಣ ಕಟ್ಟಿ ಹೆಸರು ಮುದ್ರಿಸಿದ ಅಕ್ಕಿಯ ಮೇಲೆ 25 ಕಿಲೋ ತೂಕದವರೆಗೆ ಶೇ. 5 ಜಿಎಸ್‌ಟಿ 2022ರ ಜುಲೈ 18ರಿಂದ ಜಾರಿಗೆ ಬಂದ ಮೇಲೆ 26 ಕಿಲೋ ಮೂಟೆಗಳು ಮಾರುಕಟ್ಟೆಗೆ ಬಂದವು. ಒಂದು ಅಂಗಡಿಯಲ್ಲಿ 25 ಕಿಲೋಗೆ 1,475, ಇನ್ನೊಂದರಲ್ಲಿ 26 ಕಿಲೋಗೆ 1,508 ಎಂದರೆ ಮೊದಲನೆಯದು ಅಗ್ಗವಾಗಿ ಕಾಣುತ್ತದೆ. ಭಾಗಿಸಿ ನೋಡಿದರೆ ಮೊದಲನೆಯದು ಕಿಲೋಗೆ 59, ಎರಡನೆಯದು 58.

ಎಣ್ಣೆಯಲ್ಲಿ ಇನ್ನೂ ಸೂಕ್ಷ್ಮವಾಗಿ ನೋಡಬೇಕು. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಆದರೆ ಅದೇ ಗಾತ್ರದಂತೆ ಕಾಣುವ 850 ಗ್ರಾಂ, 800 ಗ್ರಾಂ ಪೊಟ್ಟಣಗಳೂ ಪಕ್ಕದಲ್ಲೇ ನೇತಾಡುತ್ತಿರುತ್ತವೆ. 910 ಗ್ರಾಮಿಗೆ 152 ರೂಪಾಯಿ, 850 ಗ್ರಾಮಿಗೆ 146 ರೂಪಾಯಿ ಇದ್ದರೆ ಕಿಲೋ ದರ ಕ್ರಮವಾಗಿ 167 ಮತ್ತು ಸುಮಾರು 172. ಆರು ರೂಪಾಯಿ ಉಳಿಯಿತೆಂದು ಎರಡನೆಯದನ್ನು ಬುಟ್ಟಿಗೆ ಹಾಕಿದವರು ಕಿಲೋಗೆ ಸುಮಾರು ಐದು ರೂಪಾಯಿ ಹೆಚ್ಚು ಕೊಟ್ಟಂತಾಯಿತು. ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆಯ ಜೊತೆಗೆ ಗ್ರಾಮಿಗೋ ಕಿಲೋಗೋ ಎಷ್ಟೆಂಬ ಬಿಡಿ ದರವನ್ನೂ ಮುದ್ರಿಸಬೇಕೆಂಬ ನಿಯಮ ಈಗ ಇದೆ. ಅದನ್ನು ಹುಡುಕಿ ಓದಿ. ಆದರೆ ಆ ಬಿಡಿ ದರ ಗರಿಷ್ಠ ಬೆಲೆಯ ಮೇಲೆ ಲೆಕ್ಕ ಹಾಕಿದ್ದು. ರಿಯಾಯಿತಿ ಕೊಟ್ಟ ಸಾಮಾನಿಗೆ ನೀವೇ ಭಾಗಿಸಬೇಕು.

ತರಕಾರಿಗೆ ದಿನಕ್ಕೊಂದು ದರ ಇರುವುದರಿಂದ ಹೋಲಿಕೆಗೆ ಒಂದು ಗುರುತು ಬೇಕಾಗುತ್ತದೆ. ನಾನು ಹಾಪ್‌ಕಾಮ್ಸ್ ಮಳಿಗೆಯ ಹಲಗೆಯ ಮೇಲಿನ ದರವನ್ನು ಆ ಗುರುತಾಗಿ ಇಟ್ಟುಕೊಂಡಿದ್ದೇನೆ. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದ ಈ ಸಂಸ್ಥೆ ದಿನದ ದರಪಟ್ಟಿಯನ್ನು ಪ್ರಕಟಿಸುತ್ತದೆ. ಗಾಡಿಯವರ ಬಳಿ ಚೌಕಾಸಿಗೆ ಅದನ್ನು ಬಳಸಬೇಕೆಂದಲ್ಲ. ಗಾಡಿಯವರು ಮನೆಬಾಗಿಲಿಗೆ ತರುತ್ತಾರೆ, ಒಂದು ಹಿಡಿ ಕರಿಬೇವನ್ನು ಸುಮ್ಮನೆ ಹಾಕುತ್ತಾರೆ, ಅದಕ್ಕೂ ಬೆಲೆಯಿದೆ.

ಹಂತ 7: ಬಜೆಟ್ ಕಟ್ಟುವುದು

ಎರಡು ತಿಂಗಳ ಬಳಕೆ ಮತ್ತು ಈಗಿನ ದರ ಎರಡೂ ಕೈಯಲ್ಲಿದ್ದರೆ ಬಜೆಟ್ಟು ಬರೀ ಗುಣಾಕಾರ. ಆದರೆ ಎಲ್ಲವನ್ನೂ ಒಂದೇ ಮೊತ್ತವಾಗಿ ಇಡಬೇಡಿ, ಮೂರು ಗಂಟು ಮಾಡಿ.

ಮೊದಲನೆಯದು ತಿಂಗಳ ಸಾಮಾನು: ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಹಿಟ್ಟು, ಕಾಫಿಪುಡಿ. ಇವಕ್ಕೆ ಪ್ರಮಾಣವನ್ನು ನಿಗದಿ ಮಾಡಬೇಕು, ಮೊತ್ತ ದರದಂತೆ ಬದಲಾಗಲಿ. ಅಕ್ಕಿ 19 ಕಿಲೋ, ತೊಗರಿಬೇಳೆ 3 ಕಿಲೋ, ಎಣ್ಣೆ ಮೂರೂವರೆ ಲೀಟರ್ ಎಂದು ಬರೆದು, ಪಕ್ಕದಲ್ಲಿ ಆ ತಿಂಗಳ ದರ ಹಾಕಿ ಗುಣಿಸಿ.

ಎರಡನೆಯದು ನಿತ್ಯದ ಖರ್ಚು. ಹಾಲಿಗೆ ಪ್ರಮಾಣವೇ ಬಜೆಟ್ಟು: ದಿನಕ್ಕೆ ಒಂದೂವರೆ ಲೀಟರ್ ಆದರೆ 2025ರ ಏಪ್ರಿಲ್ ದರದಲ್ಲಿ 46 ಮತ್ತು 24 ಸೇರಿ 70 ರೂಪಾಯಿ, 31 ದಿನದ ತಿಂಗಳಿಗೆ 2,170. ತರಕಾರಿ ಮತ್ತು ಹಣ್ಣಿಗೆ ಮಾತ್ರ ನಾನು ಪ್ರಮಾಣದ ನಿಯಮವನ್ನು ಸಡಿಲಿಸುತ್ತೇನೆ. ಇಂಥದ್ದೇ ತರಕಾರಿ ಇಷ್ಟೇ ಕಿಲೋ ಎಂದು ಮೊದಲೇ ಬರೆದರೆ ದುಬಾರಿಯಾದ ವಾರವೂ ಅದನ್ನೇ ತರಬೇಕಾಗುತ್ತದೆ. ಅದಕ್ಕೆ ವಾರಕ್ಕೊಂದು ಮೊತ್ತ ಇಟ್ಟು, ಆ ವಾರ ಯಾವುದು ಇಳಿದಿದೆಯೋ ಅದನ್ನು ತರುವುದು ಸರಿ. ವಾರದ ಮೊತ್ತವನ್ನು ನಾಲ್ಕರಿಂದ ಗುಣಿಸಿ ತಿಂಗಳ ಬಜೆಟ್ ಮಾಡುವುದು ಎಲ್ಲರೂ ಮಾಡುವ ತಪ್ಪು. ವರ್ಷದಲ್ಲಿ 52 ವಾರಗಳಿವೆ, 48 ಅಲ್ಲ. ವಾರಕ್ಕೆ 600 ಎಂದರೆ ತಿಂಗಳಿಗೆ 2,400 ಅಲ್ಲ, 2,600.

ಮೂರನೆಯದು ವರ್ಷದ ಸಾಮಾನು. ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣುಗಳನ್ನು ಹೊಸ ಫಸಲು ಬಂದಾಗ ಬೇಸಿಗೆಯ ಬಿಸಿಲಿರುವಾಗಲೇ ಕೊಂಡು, ಒಣಗಿಸಿ ಇಡುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಆ ತಿಂಗಳು ಖರ್ಚು ಒಮ್ಮೆಲೇ ಉಬ್ಬಿ ಉಳಿದ ಹನ್ನೊಂದು ತಿಂಗಳು ಸುಳ್ಳು ನೆಮ್ಮದಿ ಕೊಡುತ್ತದೆ. ವರ್ಷಕ್ಕೆ ಇಂಥವಕ್ಕೆ 4,200 ಹೋಗುತ್ತದೆಂದು ಹಿಂದಿನ ಪುಸ್ತಕ ಹೇಳಿದರೆ ತಿಂಗಳಿಗೆ 350ನ್ನು ಬೇರೆ ತೆಗೆದಿಡಿ. ಸಾಸಿವೆ ಡಬ್ಬಿಯಲ್ಲೇ ಇಡಬೇಕೆಂದಿಲ್ಲ, ಬ್ಯಾಂಕಿನ ಆರ್‌ಡಿಯಲ್ಲಿ ಇಟ್ಟರೂ ಆದೀತು.

ಹಬ್ಬಕ್ಕೆ ಬೇರೆಯೇ ಪುಟ ಬೇಕು. ವರಮಹಾಲಕ್ಷ್ಮಿಯ ಹಿಂದಿನ ದಿನ ಹೂವಿನ ದರವನ್ನು ತರಕಾರಿಯ ವಾರದ ಮೊತ್ತದೊಳಗೆ ತುರುಕಲು ಯಾರಿಂದಲೂ ಆಗದು.

ಹಂತ 8: ದರವೋ, ಬಳಕೆಯೋ, ಜನವೋ

ತಿಂಗಳು ಮುಗಿದ ಮೇಲಿನ ಮೊದಲ ಭಾನುವಾರ ಅರ್ಧ ಗಂಟೆ ಕುಳಿತರೆ ಸಾಕು. ಎಲ್ಲ ಪದಾರ್ಥಗಳನ್ನು ನೋಡುವ ಅಗತ್ಯವಿಲ್ಲ. ಬಜೆಟ್ಟಿಗಿಂತ ಹೆಚ್ಚು ಏರಿದ ಮೂರನ್ನು ಮಾತ್ರ ಆರಿಸಿಕೊಳ್ಳಿ.

ಅತ್ತೆ ಕೇಳಿದ ಬೇಳೆಯ ಪ್ರಶ್ನೆಗೆ ಈಗ ಉತ್ತರ ಹೇಗೆ ಸಿಗುತ್ತದೆ ನೋಡಿ. ಏಪ್ರಿಲ್ ತಿಂಗಳಲ್ಲಿ 3 ಕಿಲೋ ತೊಗರಿಬೇಳೆ, ಕಿಲೋಗೆ 160ರಂತೆ 480 ರೂಪಾಯಿ. ಜೂನ್ ತಿಂಗಳಲ್ಲಿ ಮೂರೂವರೆ ಕಿಲೋ, 150ರಂತೆ 525. ಖರ್ಚು 45 ಹೆಚ್ಚಾಗಿದೆ. ದರದ ವ್ಯತ್ಯಾಸವನ್ನು ಹಳೆಯ ಪ್ರಮಾಣದಿಂದ ಗುಣಿಸಿ: 10 ರೂಪಾಯಿ ಇಳಿಕೆ, 3 ಕಿಲೋ, ಅಲ್ಲಿಗೆ 30 ಉಳಿದಿದೆ. ಪ್ರಮಾಣದ ವ್ಯತ್ಯಾಸವನ್ನು ಹೊಸ ದರದಿಂದ ಗುಣಿಸಿ: ಅರ್ಧ ಕಿಲೋ, 150 ರೂಪಾಯಿ, ಅಲ್ಲಿಗೆ 75 ಹೆಚ್ಚು. 75ರಲ್ಲಿ 30 ಕಳೆದರೆ ಆ 45. ‘ರೇಟು ಜಾಸ್ತಿಯಾಗಿದೆ’ ಎಂದು ನಾನು ಹೇಳಿದ್ದರೆ ಅದು ಪೂರ್ತಿ ತಪ್ಪಾಗುತ್ತಿತ್ತು, ದರ ಇಳಿದಿತ್ತು.

ಹಾಗಾದರೆ ನಾವು ಬೇಳೆ ಹೆಚ್ಚು ತಿನ್ನತೊಡಗಿದೆವೇ? ಅದನ್ನು ತಿಳಿಯಲು ಇನ್ನೊಂದು ಹೆಜ್ಜೆ ಬೇಕು, ಅದಕ್ಕೆ ನಮ್ಮ ಮನೆಯಲ್ಲಿ ‘ಎಲೆ ಲೆಕ್ಕ’ ಎನ್ನುತ್ತೇವೆ. ನಾಲ್ವರು 30 ದಿನ ಉಂಡರೆ 120 ಎಲೆ. ಜೂನ್ ತಿಂಗಳಲ್ಲಿ ನಾದಿನಿಯ ಮನೆಯವರು ನಾಲ್ವರು ಐದು ದಿನ ಇದ್ದರು, ಅದು ಇನ್ನೂ 20, ಒಟ್ಟು 140. ಮೂರೂವರೆ ಕಿಲೋವನ್ನು 140ರಿಂದ ಭಾಗಿಸಿದರೆ ಎಲೆಗೆ 25 ಗ್ರಾಂ. ಏಪ್ರಿಲ್ ತಿಂಗಳ ಮೂರು ಕಿಲೋವನ್ನು 120ರಿಂದ ಭಾಗಿಸಿದರೂ ಅದೇ 25. ಬಳಕೆ ಒಂದು ಗ್ರಾಮೂ ಏರಿರಲಿಲ್ಲ, ನೆಂಟರು ಬಂದಿದ್ದರು, ಅಷ್ಟೆ. ಇದಕ್ಕೆ ಕಡಿತವೂ ಬೇಕಿಲ್ಲ, ಕೊರಗೂ ಬೇಕಿಲ್ಲ. ಹಾಸ್ಟೆಲ್ಲಿನಿಂದ ಮಕ್ಕಳು ರಜೆಗೆ ಬಂದ ತಿಂಗಳು, ಮನೆಯವರು ಪ್ರವಾಸ ಹೋದ ತಿಂಗಳು ಎಲ್ಲಕ್ಕೂ ಈ ಲೆಕ್ಕ ಅನ್ವಯಿಸುತ್ತದೆ. ಪುಸ್ತಕದ ಅಂಚಿನಲ್ಲಿ ‘4 ಜನ, 5 ದಿನ’ ಎಂದು ಗುರುತು ಹಾಕಿಕೊಂಡಿದ್ದರೆ ಆಯಿತು.

ಹಂತ 9: ಎಲ್ಲಿ ಕಡಿತ, ಎಲ್ಲಿ ಬೇಡ

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2,000 ಕಿಲೋ ಕ್ಯಾಲೊರಿಯ ದಿನದ ತಟ್ಟೆಗೆಂದು ಸೂಚಿಸಿರುವ ಪ್ರಮಾಣಗಳಲ್ಲಿ ತರಕಾರಿ 400 ಗ್ರಾಂ, ಬೇಳೆಕಾಳು 85 ಗ್ರಾಂ, ಹಾಲು 300 ಮಿಲಿ, ಎಣ್ಣೆ ಕೊಬ್ಬು 27 ಗ್ರಾಂ ಇವೆ. ಇದನ್ನು ಎಲೆ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಎಣ್ಣೆ: 27 ಗ್ರಾಂ, 120 ಎಲೆ, 3.24 ಕಿಲೋ, ಎಂದರೆ ಸುಮಾರು ಮೂರೂವರೆ ಲೀಟರ್. ತುಪ್ಪ ಬೆಣ್ಣೆಯೂ ಇದರೊಳಗೇ ಬರಬೇಕು. ನಾಲ್ವರ ಮನೆಯಲ್ಲಿ ತಿಂಗಳಿಗೆ ಐದು ಲೀಟರ್ ಎಣ್ಣೆ ಮುಗಿಯುತ್ತಿದ್ದರೆ ಕಡಿತಕ್ಕೆ ಅದೇ ಮೊದಲ ಜಾಗ. ಬೇಳೆಕಾಳಿನ ಕಥೆ ಇದಕ್ಕೆ ತಿರುವುಮುರುವು: ತೊಗರಿ, ಹೆಸರು, ಕಡಲೆ, ಹುರುಳಿ, ಅಲಸಂದೆ ಎಲ್ಲ ಸೇರಿಸಿದರೂ ಬಹಳಷ್ಟು ಮನೆಗಳಲ್ಲಿ ಎಲೆಗೆ 85 ಗ್ರಾಂ ಮುಟ್ಟುವುದು ಕಷ್ಟ. ದುಬಾರಿಯೆಂದು ಬೇಳೆ ಕಡಿಮೆ ಮಾಡಿ ಸಾರನ್ನು ತೆಳ್ಳಗೆ ಮಾಡುವುದನ್ನು ನಾನು ಉಳಿತಾಯವೆಂದು ಒಪ್ಪುವುದಿಲ್ಲ. ತೊಗರಿ ಏರಿದ ತಿಂಗಳು ಹೆಸರುಬೇಳೆ, ಹುರುಳಿಕಾಳಿನ ಕಡೆಗೆ ಹೊರಳಿದರೆ ಸಾಕು.

2023-24ರ ಸಮೀಕ್ಷೆಯಲ್ಲಿ ಆಹಾರದ ಖರ್ಚಿನೊಳಗೆ ಅತಿ ದೊಡ್ಡ ಪಾಲು ಅಕ್ಕಿಯದೂ ಅಲ್ಲ, ಹಾಲಿನದೂ ಅಲ್ಲ. ಪಾನೀಯ, ತಿಂಡಿ ಮತ್ತು ಸಿದ್ಧ ಆಹಾರಗಳದು. ನಿಮ್ಮ ಪುಸ್ತಕದಲ್ಲೂ ಬಿಸ್ಕತ್ತು, ಚಿಪ್ಸು, ಬೇಕರಿ, ಬಾಟಲಿ ಪಾನೀಯಗಳನ್ನು ಒಮ್ಮೆ ಒಟ್ಟುಗೂಡಿಸಿ ನೋಡಿ. ಹತ್ತು, ಇಪ್ಪತ್ತರ ಪೊಟ್ಟಣಗಳಾದ್ದರಿಂದ ಒಂದೊಂದಾಗಿ ಕಣ್ಣಿಗೆ ಬೀಳುವುದಿಲ್ಲ. ಹತ್ತು ನಿಮಿಷದಲ್ಲಿ ತಲುಪಿಸುವ ಆ್ಯಪ್‌ಗಳ ಸಾಗಣೆ ಶುಲ್ಕ, ನಿರ್ವಹಣಾ ಶುಲ್ಕಗಳನ್ನು ಪದಾರ್ಥದ ಬೆಲೆಯಲ್ಲಿ ಕರಗಿಸದೆ ‘ಸಾಗಣೆ’ ಎಂದು ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ. ತಿಂಗಳಿಗೆ ಹನ್ನೆರಡು ಸಲ, ಸಲಕ್ಕೆ 25 ರೂಪಾಯಿ ಎಂದರೆ 300. ನಮ್ಮ ಮನೆಗೆ ಅದು ಎರಡು ಕಿಲೋ ತೊಗರಿಬೇಳೆ.

ಬೆಲೆ ಸ್ಫೋಟವಾದಾಗ ಪದಾರ್ಥವನ್ನೇ ಬದಲಿಸುವುದು ಜಾಣತನ. 2023ರ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋದ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಆ ತಿಂಗಳ ನಮ್ಮ ಪುಸ್ತಕದಲ್ಲಿ ಟೊಮೆಟೊ ಎರಡೇ ಸಲ ಇದೆ. ಹುಣಸೆಹಣ್ಣಿನ ಸಾರು, ಬಸ್ಸಾರು, ಮಜ್ಜಿಗೆಹುಳಿ, ನಿಂಬೆಹಣ್ಣಿನ ಚಿತ್ರಾನ್ನದಲ್ಲಿ ತಿಂಗಳು ಕಳೆಯಿತು, ಮನೆಯಲ್ಲಿ ಯಾರೂ ಕೊರತೆಯೆಂದು ಹೇಳಲಿಲ್ಲ.

ವರ್ಷ ತುಂಬಿದಾಗ

ನಾವು ಹೊಸ ಪುಸ್ತಕವನ್ನು ಏಪ್ರಿಲ್ ಒಂದರಿಂದ ಶುರು ಮಾಡುತ್ತೇವೆ. ಯುಗಾದಿಯೂ ಅದರ ಆಸುಪಾಸಿನಲ್ಲೇ ಬರುವುದರಿಂದ ಅತ್ತೆಗೂ ಒಪ್ಪಿಗೆ. ಹಳೆಯದರಿಂದ ಹೊಸದಕ್ಕೆ ಇಳಿಸಬೇಕಾದವು ನಾಲ್ಕೇ: ಅಳತೆಗಳ ಪಟ್ಟಿ, ದರದ ಪುಟದ ಕೊನೆಯ ಕಾಲಂ, ಎಲೆಗೆ ಎಷ್ಟು ಗ್ರಾಂ ಎಂಬ ವರ್ಷದ ಸರಾಸರಿ, ಮತ್ತು ಮಾರ್ಚ್ 31ರ ರಾತ್ರಿ ಡಬ್ಬಿಗಳಲ್ಲಿ ಉಳಿದದ್ದು. ಕೊನೆಯದನ್ನು ನಾನು ಮೊದಲ ಪುಟದ ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಈ ವರ್ಷ ಅಲ್ಲಿ ಹೀಗಿದೆ: ‘ಅಕ್ಕಿ 11 ಕಿಲೋ, ತೊಗರಿ 800 ಗ್ರಾಂ, ಎಣ್ಣೆ 1 ಲೀಟರ್, ಕಾಫಿಪುಡಿ ಇಲ್ಲ’.